ಮೂಲೆಗೊಂದು ಚಪ್ಪಾಳೆ: ತಾಳ, ನಡಿಗೆ ಮತ್ತು ಶಿಶುಗಳ ಆಕಾರಜ್ಞಾನ

ಚಿಕಾಗೊದ ಮನೆಸಂಖ್ಯೆಗಳ ಲೆಕ್ಕದಲ್ಲಿ ಡೆವನ್ ಅವೆನ್ಯೂ ಉತ್ತರ 6400; ಮೈಲಿಗೆ 800ರಂತೆ ಮ್ಯಾಡಿಸನ್ ಬೀದಿಯಿಂದ ಎಂಟು ಮೈಲಿ. ಇಲ್ಲಿಗೆ ದಿನಸಿಗೆಂದು ಬರುವ ಕನ್ನಡ ಕುಟುಂಬಗಳ ಮಕ್ಕಳು ಬೀದಿಯ ತಿರುವುಗಳಲ್ಲೆಲ್ಲ ಬಹುಮಟ್ಟಿಗೆ ಲಂಬಕೋನವನ್ನೇ ತುಳಿಯುತ್ತಾರೆ. ಡೆಟ್ರಾಯಿಟ್ ಹಾಗಲ್ಲ, 1805ರ ಬೆಂಕಿಯ ನಂತರ ವುಡ್‌ವರ್ಡ್ ರೂಪಿಸಿದ ನಕ್ಷೆಯಿಂದ ಉಳಿದ ಗ್ರ್ಯಾಂಡ್ ಸರ್ಕಸ್ ಪಾರ್ಕ್ ಅರ್ಧವೃತ್ತ. ಕಾಲಿಗೆ ಗೊತ್ತಿರುವ ಈ ರೇಖಾಗಣಿತವನ್ನು ಶಿಶುಪಾಠಗಳು ಬಳಸಿಕೊಳ್ಳುವುದು ಕಡಿಮೆ.

ಆಕಾರಗಳ ಹೆಸರನ್ನು ಹಾಡಿಸಿ ಬಾಯಿಪಾಠ ಮಾಡಿಸಿದರೆ ಸಾಕೆಂಬ ನಂಬಿಕೆ ಗಟ್ಟಿಯಾಗಿದೆ. ಸಾಲದು. ಡಚ್ ಶಿಕ್ಷಕ ದಂಪತಿ ವಾನ್ ಹೀಲೆ 1957ರಲ್ಲಿ ಮಂಡಿಸಿದ ಹಂತಗಳ ಪ್ರಕಾರ, ಮಗು ಮೊದಲು ಆಕೃತಿಯನ್ನು ಇಡಿಯಾಗಿ, ಅದರ ತೋರಿಕೆಯಿಂದ ಗುರುತಿಸುತ್ತದೆ. ಬಾಹು, ಕೋನಗಳ ವಿಚಾರ ಆಮೇಲಿನದು. ಅದಕ್ಕೇ ಚೌಕವನ್ನು ಮೂಲೆಯ ಮೇಲೆ ನಿಲ್ಲಿಸಿದರೆ ಎಷ್ಟೋ ಮಕ್ಕಳಿಗೆ ಅದು ಚೌಕವಲ್ಲ, 'ಡೈಮಂಡ್'.

ನಡಿಗೆ ಈ ತೊಡಕನ್ನು ಬಿಡಿಸಬಲ್ಲದು. ನೆಲಕ್ಕೆ ಟೇಪು ಅಂಟಿಸಿ, ಬಾಹುವಿಗೆ ನಾಲ್ಕು ಹೆಜ್ಜೆಯಂತೆ ಚೌಕ ಸುತ್ತಿಸಿದರೆ ಹದಿನಾರು ಅಕ್ಷರ, ಅಂದರೆ ಆದಿತಾಳದ ಎರಡು ಆವರ್ತ. ಒಂದನೆಯ ಮತ್ತು ಐದನೆಯ ಅಕ್ಷರದ ಘಾತಗಳು ಸರಿಯಾಗಿ ಮೂಲೆಗೆ ಬೀಳುತ್ತವೆ. ಏಳನೆಯದನ್ನು ಮಾತ್ರ ಬಿಡಬೇಕು. ಇಲ್ಲದಿದ್ದರೆ ಮಗು ಬಾಹುವಿನ ನಡುವೆಯೇ ತಿರುಗೀತು. (ಸಂಗೀತದ ಮೇಷ್ಟ್ರು ಕ್ಷಮಿಸಲಿ.) ಟೇಪಿನ ಚೌಕವನ್ನು ಓರೆಯಾಗಿ ಅಂಟಿಸಿದರೂ ಹೆಜ್ಜೆ, ತಿರುವು, ಚಪ್ಪಾಳೆ ಒಂದೂ ಬದಲಾಗುವುದಿಲ್ಲ. ಸೀಮೋರ್ ಪ್ಯಾಪರ್ಟ್ ಮುಂತಾದವರು 1967ರಲ್ಲಿ ರೂಪಿಸಿದ ಲೋಗೊ ಭಾಷೆಯ ಆಮೆ ಆಕೃತಿ ಬರೆಯುವುದೂ ಹೀಗೆಯೇ: ಮುಂದೆ ಸಾಗು, ತಿರುಗು.

ತ್ರಿಕೋನ ಕಠಿಣ. ಸಮಬಾಹು ತ್ರಿಕೋನದ ಮೂಲೆಯಲ್ಲಿ ಮೈ 120 ಡಿಗ್ರಿ ತಿರುಗಬೇಕು. ಟೇಪಿಲ್ಲದೆ, 90ಕ್ಕೇ ಒಗ್ಗಿದ ಮಗು ಹೊರಟಲ್ಲಿಗೆ ಮರಳುವುದಿಲ್ಲ. ಮುಚ್ಚದೆ ಉಳಿದ ಆ ಆಕೃತಿಯನ್ನು ತಿದ್ದಲು ಅವಸರ ಬೇಡ, ಕಲಿಕೆ ಇರುವುದೇ ಅಲ್ಲಿ. ತ್ರಿಕೋನಕ್ಕೆ ತಿಶ್ರ, ಚೌಕಕ್ಕೆ ಚತುರಶ್ರ ಎಂದು ಜೋಡಿಸುವ ಆಸೆ ಸಹಜ. ನನ್ನ ಮಟ್ಟಿಗೆ ಅದು ಅಪಾಯ: ಬಾಹುಗಳ ಸಂಖ್ಯೆಯೂ ಹೆಜ್ಜೆಗಳ ಸಂಖ್ಯೆಯೂ ಮಗುವಿನ ತಲೆಯಲ್ಲಿ ಬೆರೆತುಹೋಗುತ್ತವೆ. ತ್ರಿಕೋನವನ್ನು ನಾಲ್ಕರ ನಡೆಯಲ್ಲೂ ಸುತ್ತಿಸಬೇಕು.

ವೃತ್ತಕ್ಕೆ ಕೋಲಾಟವಿದೆ. ನಡುವೆ ಒಬ್ಬರು ನಿಂತು, ಸುತ್ತುವವರಿಗೆ ಒಂದೇ ಉದ್ದದ ದಾರ ಹಿಡಿಸಿದರೆ, ಅದು ಬಿಗಿಯಾಗಿರುವಷ್ಟು ಹೊತ್ತೂ ತ್ರಿಜ್ಯ ಕೈಗೆ ಸಿಗುತ್ತದೆ.

ಚಿಕಾಗೊದ ವಿದ್ಯಾರಣ್ಯ ಕನ್ನಡ ಕೂಟ, ಡೆಟ್ರಾಯಿಟಿನ ಪಂಪ ಕನ್ನಡ ಕೂಟದಂಥ ಸಂಘಗಳಲ್ಲಿ ಮಕ್ಕಳಿಗೆ ಪಾಠ ಹೇಳುವವರು ಗೋಡೆಗೆ ಆಕಾರಗಳ ಚಿತ್ರಪಟ ತೂಗುವ ಮೊದಲು ಕುರ್ಚಿಗಳನ್ನು ಬದಿಗೆ ಸರಿಸಿ ನೆಲ ತೆರವು ಮಾಡಿಕೊಡಲಿ.