ಇಂಧನವನ್ನು ವ್ಯಯಿಸುವ ಅಣುರಚನೆಗಳು: ಇತ್ತೀಚಿನ ಚರಿತ್ರೆಯ ಒಂದು ವಿಚಾರ

ಸಾಬೂನಿನ ಅಣುಗಳು ನೀರಿನಲ್ಲಿ ತಾವಾಗಿಯೇ ಗುಂಪುಗೂಡುವುದು ರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗೆ ವಿದಿತವಾದ ಸಂಗತಿ. ಅಲ್ಲಿ ವ್ಯವಸ್ಥೆಯು ಸಮತೋಲವನ್ನು ಮುಟ್ಟಿ ನಿಲ್ಲುತ್ತದೆ; ಆ ಗುಂಪನ್ನು ಉಳಿಸಿಕೊಳ್ಳಲು ಯಾವ ವೆಚ್ಚವೂ ಬೇಕಿಲ್ಲ. ಜೀವಕೋಶದ ರೀತಿ ಬೇರೆ. ಅಲ್ಲಿಯ ಸೂಕ್ಷ್ಮನಾಳಗಳು ಜಿ.ಟಿ.ಪಿ. ಎಂಬ ಇಂಧನವನ್ನು ವ್ಯಯಿಸುತ್ತ ಬೆಳೆದು ಹಠಾತ್ತನೆ ಕುಸಿಯುವುದನ್ನು ಮಿಚಿಸನ್ ಮತ್ತು ಕರ್ಷ್ನರ್ 1984ರಲ್ಲಿ ತೋರಿಸಿಕೊಟ್ಟರು. ಸಮತೋಲದಿಂದ ದೂರವಿದ್ದೂ ಕ್ರಮಬದ್ಧತೆಯನ್ನು ಪಡೆಯಬಲ್ಲ ವ್ಯವಸ್ಥೆಗಳ ಸಿದ್ಧಾಂತಕ್ಕಾಗಿ ಪ್ರಿಗೋಜಿನ್ 1977ರಲ್ಲಿಯೇ ನೊಬೆಲ್ ಪಾರಿತೋಷಕವನ್ನು ಪಡೆದಿದ್ದರು. ಆದರೂ ಪ್ರಯೋಗಶಾಲೆಯ ರಸಾಯನಜ್ಞರು ಬಹುಮಟ್ಟಿಗೆ ಸಾಬೂನಿನ ದಾರಿಯಲ್ಲಿಯೇ ಸಾಗಿದರು.

ದಾರಿ ತಿರುಗಿದುದು 2010ರಲ್ಲಿ. ಹಾಲೆಂಡಿನ ಡೆಲ್ಫ್ಟ್‌ನಲ್ಲಿ ವಾನ್ ಎಶ್, ಏಲ್ಕೆಮಾ ಮೊದಲಾದವರು ಮೀಥೈಲ್ ಅಯೊಡೈಡನ್ನು ಇಂಧನವಾಗಿ ಬಳಸಿದರು. ಅದು ಅಣುವಿನ ಋಣಾವೇಶವನ್ನು ಅಳಿಸಿ ಎಸ್ಟರನ್ನಾಗಿ ಮಾಡುತ್ತದೆ. ಎಸ್ಟರುಗಳು ಎಳೆಯೆಳೆಯಾಗಿ ಹೆಣೆದು ದ್ರವವು ಜೆಲ್ ಆಗುತ್ತದೆ. ಜಲವಿಚ್ಛೇದನವಾದೊಡನೆ ಎಳೆಗಳು ಕರಗುತ್ತವೆ.

ನಮ್ಮ ನಾಡಿನಲ್ಲಿ ಈ ಕಾರ್ಯವು ಬೆಂಗಳೂರಿನ ಜಕ್ಕೂರಿನಲ್ಲಿ ನಡೆಯಿತು. 1989ರಲ್ಲಿ ಸ್ಥಾಪಿತವಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸುಬಿ ಜೇಕಬ್ ಜಾರ್ಜ್ ಅವರ ತಂಡವು ಜೀವಕೋಶದ ಇಂಧನವಾದ ಎ.ಟಿ.ಪಿ.ಯನ್ನೇ ಆರಿಸಿಕೊಂಡಿತು. 2018ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ, ಫಾಸ್ಫೇಟನ್ನು ಹಿಡಿಯಬಲ್ಲ ಕೃತಕ ಅಣುಗಳು ಎ.ಟಿ.ಪಿ. ಸೇರಿದಾಗ ಆಕ್ಟಿನ್ ತಂತುಗಳ ಮಾದರಿಯಲ್ಲಿ ಸರಪಳಿಯಾಗಿ ಬೆಳೆಯುತ್ತವೆ, ಕಿಣ್ವವು ಎ.ಟಿ.ಪಿ.ಯನ್ನು ಒಡೆದಾಗ ಸರಪಳಿ ಬಿಚ್ಚಿಕೊಳ್ಳುತ್ತದೆ. ರಚನೆಗೆ ಹೀಗೆ ಒಂದು ಆಯುಷ್ಯ ದೊರೆಯಿತು.

ಇದು ಶಕ್ತಿಯನ್ನು ವ್ಯಯಿಸುವ ಜೋಡಣೆಯೇ? ಅದೇ 2018ರಲ್ಲಿ ಪಾದುವಾದ ರಗಾಜೋನ್ ಮತ್ತು ಪ್ರಿನ್ಸ್ ಈ ಕ್ಷೇತ್ರದ ಪರಿಭಾಷೆಯಲ್ಲಿ ಗೊಂದಲವಿದೆಯೆಂದು ಎಚ್ಚರಿಸಿದರು. ಆ ಎಚ್ಚರಿಕೆ ಯುಕ್ತವೆಂದೇ ನಮಗೆ ತೋರುತ್ತದೆ. ಕಿಣ್ವವನ್ನು ಹಾಕದೆ ಎ.ಟಿ.ಪಿ.ಯನ್ನಷ್ಟೇ ಬೆರೆಸಿದರೆ ಇಂಥ ಸರಪಳಿ ಕೆಡದೆ ನಿಲ್ಲುತ್ತದೆ. ಎಂದರೆ ಅದನ್ನು ಕಟ್ಟುವುದು ಎ.ಟಿ.ಪಿ.ಯ ಬಂಧನ, ಅದರ ವಿಚ್ಛೇದನದಿಂದ ಬಿಡುಗಡೆಯಾದ ಶಕ್ತಿಯಲ್ಲ. ವಿಚ್ಛೇದನವು ಕಾಲವನ್ನು ನಿಯಂತ್ರಿಸುತ್ತದೆ, ಅಷ್ಟೆ. ಇದು ಅಲ್ಪ ಸಾಧನೆಯೇನೂ ಅಲ್ಲ. ಆದರೆ ಬೇರೆಯದೇ ಸಾಧನೆ. ಸೂಕ್ಷ್ಮನಾಳದಲ್ಲಿಯಾದರೋ, ಜಿ.ಟಿ.ಪಿ. ವಿಚ್ಛೇದನದ ಶಕ್ತಿಯ ಒಂದಂಶವು ಗೋಡೆಯಲ್ಲಿಯೇ ಬಿಗುವಾಗಿ ಸಂಚಿತವಾಗಿರುತ್ತದೆ. ನಾಳವು ಕುಸಿಯುವಾಗ ಆ ಬಿಗುವೇ ವರ್ಣತಂತುಗಳನ್ನು ಎಳೆಯಲು ನೆರವಾಗುತ್ತದೆ.