‘ಮಲ’ ಎಂಬ ಪೂರ್ವಪದ: ನರಗುಂದದಿಂದ ಒಂದು ಅವಲೋಕನ

ರೋಣ, ನರಗುಂದ, ಗಜೇಂದ್ರಗಡಗಳನ್ನೊಳಗೊಂಡ ಉತ್ತರ ಕರ್ನಾಟಕದ ಹಲವು ಸಮುದಾಯಗಳಲ್ಲಿ ವಿಧವೆಯ ಮರುವಿವಾಹಕ್ಕೆ ‘ಉಡಿಕಿ’ ಎಂಬ ಹೆಸರುಂಟು. ವರನ ಕಡೆಯ ಸೀರೆಯನ್ನು ಉಡಿಸುವುದೇ ಅದರ ಮುಖ್ಯ ವಿಧಿ. ಹೀಗೆ ಕೂಡಿಬಂದ ಮನೆಗಳಲ್ಲಿ ಮಲತಂದೆ, ಮಲತಾಯಿ, ಮಲಮಗ ಎಂಬ ಸಂಬಂಧಗಳು ಹುಟ್ಟುತ್ತವೆ.

ಈ ‘ಮಲ’ವನ್ನು ಕೊಳೆ ಎಂಬರ್ಥದ ಸಂಸ್ಕೃತ ಪದವೆಂದು ಭಾವಿಸುವವರು ಅನೇಕರು. ಆದರೆ ಸಂಸ್ಕೃತದಲ್ಲಿ ಮಲತಾಯಿಗೆ ‘ವಿಮಾತೃ’ ಎಂಬ ಬೇರೆಯೇ ಪದವಿದೆ. ತಮಿಳಿನ ‘ಮಾಟ್ರಾಂತಾಯ್’, ತೆಲುಗಿನ ‘ಮಾರುತಲ್ಲಿ’ ಎಂಬ ರೂಪಗಳ ಪಕ್ಕದಲ್ಲಿಟ್ಟು ನೋಡಿದರೆ, ಕನ್ನಡದ ‘ಮಲ’ವನ್ನು ಮರುದಿನ, ಮರುಮದುವೆಗಳಲ್ಲಿರುವ ‘ಮಱು’ವಿನ ಬಳಗಕ್ಕೆ ಸೇರಿಸುವುದೇ ಯುಕ್ತ. ಆಗ ಮಲತಾಯಿ ಎಂದರೆ ‘ಮತ್ತೊಬ್ಬ ತಾಯಿ’, ಅದರಲ್ಲಿ ನಿಂದೆಯಿಲ್ಲ.

ನಿಂದೆ ಪದದಿಂದಲ್ಲ, ನಡತೆಯಿಂದ ಬರುತ್ತದೆ. ನರಗುಂದದ ಅರಸ ಭಾಸ್ಕರರಾವ್ ಅಥವಾ ಬಾಬಾಸಾಹೇಬ ಭಾವೆಗೆ ದತ್ತಕ ತೆಗೆದುಕೊಳ್ಳಲು ಬ್ರಿಟಿಷರು ಅನುಮತಿ ನಿರಾಕರಿಸಿದರು. 1858ರ ಮೇ ತಿಂಗಳಲ್ಲಿ ಆತ ದಂಗೆಯೆದ್ದಾಗ, ಆತನ ಪತ್ರಗಳನ್ನು ಅಧಿಕಾರಿ ಮ್ಯಾನ್ಸನ್‌ಗೆ ತೋರಿಸಿದವನು ರಾಮದುರ್ಗದ ಅರಸನಾಗಿದ್ದ ಮಲಸೋದರನೇ. ಸುರೇಬಾನದಲ್ಲಿ ಮ್ಯಾನ್ಸನ್ ಹತನಾದನು. ಜೂನ್ 12ರಂದು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ದತ್ತಕದ ಬಂಧವನ್ನು ಆಳುವವರು ಒಪ್ಪಲಿಲ್ಲ. ರಕ್ತದ ಬಂಧ ಕಾಯಲಿಲ್ಲ.

ಪವಿತ್ರ ಗ್ರಂಥದಲ್ಲಿ ಇದಕ್ಕೆ ಪ್ರತಿಯಾದ ಚಿತ್ರವಿದೆ. ಯಾಕೋಬನ ಮಗ ಜೋಸೆಫನನ್ನು ಮಾರಿದವರು ಬೇರೆ ತಾಯಂದಿರ ಮಕ್ಕಳು. ಒಂದೇ ತಾಯಿಯ ಮಗನೆಂದರೆ ಬೆನ್ಯಮೀನನೊಬ್ಬನೇ. ಆದರೂ ಈಜಿಪ್ಟಿನಲ್ಲಿ ಜೋಸೆಫನು ಅವರೆಲ್ಲರಿಗೂ ತನ್ನನ್ನು ‘ಸಹೋದರ’ನೆಂದೇ ಪರಿಚಯಿಸಿಕೊಳ್ಳುತ್ತಾನೆ (ಆದಿ 45:4). ಅಲ್ಲಿನ ಹೀಬ್ರೂ ಪದ ‘ಆಹ್’ ಒಡಹುಟ್ಟಿದವನಿಗೂ ಮಲಸೋದರನಿಗೂ ಭೇದವೆಣಿಸದು. ಸಂತ ಜೋಸೆಫರನ್ನು ನಾವು ‘ಸಾಕುತಂದೆ’ ಎಂದು ಗೌರವಿಸುತ್ತೇವೆ. ಯೇಸುವಿಗೆ ಹೆಸರಿಡುವ ತಂದೆಯ ಹೊಣೆ ದೊರೆತದ್ದು ಅವರಿಗೇ (ಮತ್ತಾ 1:21). ಮರಿಯಮ್ಮನವರು ಮಗನ ಮುಂದೆ ಅವರನ್ನು ‘ತಂದೆ’ ಎಂದೇ ಕರೆದರು (ಲೂಕ 2:48).

ಪಕ್ಷಪಾತವನ್ನು ಖಂಡಿಸುವಾಗ ‘ಮಲತಾಯಿ ಧೋರಣೆ’ ಎನ್ನುವುದು ಪತ್ರಿಕೆಗಳಲ್ಲಿ ರೂಢಿ. ಪ್ರಬೋಧನೆಯಲ್ಲಿ ನಾವೂ ಅದನ್ನು ಬಳಸಿದ್ದೇವೆ. ಎದುರಿನ ಸಾಲಿನಲ್ಲಿ, ತಾನು ಹೆರದ ಮಗುವನ್ನು ಮಡಿಲಲ್ಲಿಟ್ಟುಕೊಂಡ ತಾಯಿಯೊಬ್ಬಳು ಕುಳಿತಿರಬಹುದೆಂಬುದನ್ನು ಆಗ ಎಣಿಸಿರಲಿಲ್ಲ. ಯಾಜಕರಾಗಲಿರುವವರು ಈ ನುಡಿಗಟ್ಟನ್ನು ಪೀಠದಿಂದ ಕೈಬಿಡಲಿ. ಕ್ರಿಸ್ತನಲ್ಲಿ ನಾವೆಲ್ಲರೂ ದತ್ತುಪುತ್ರರೇ ಅಲ್ಲವೇ (ರೋಮ 8:15)?