ಕೂಡದ ಎಲುಬು

ಕನ್ನಡದ ಮೇಷ್ಟರಿಗೆ ಎಲುಬಿನ ಗೊಡವೆ ಏಕೆಂದು ಕೇಳುವವರು ನಕ್ಕಾರು. ನನ್ನ ತಾಯಿಯ ತವರು ಮಟಮಾರಿ. ಅಲ್ಲಿ 1968ರಲ್ಲಿ ನನ್ನ ಸೋದರಮಾವ ಹತ್ತಿಯ ಅಂಡಿಗೆ ಹೇರಿದ ಬಂಡಿಯಿಂದ ಬಿದ್ದು ಬಲಗೈ ಊರಿದರು. ಎಲುಬು ಕಟ್ಟುವ ಹಿರಿಯರೊಬ್ಬರು ಬಿದಿರಿನ ದಬ್ಬೆಯಿಟ್ಟು ಮಣಿಕಟ್ಟನ್ನು ಬಿಗಿದರು. ಮೂರು ವಾರಕ್ಕೆ ಬಾವಿಳಿಯಿತು, ಕಟ್ಟು ಬಿಚ್ಚಿದರು. ಆದರೆ ಆ ಕೈ ಮತ್ತೆಂದೂ ತುಂಬಿದ ಕೊಡವನ್ನು ಬಾವಿಯಿಂದ ಸೇದಲಿಲ್ಲ. "ಉಳುಕು ಇನ್ನಾ ಹೋಗಿಲ್ಲಪಾ" ಎನ್ನುತ್ತಿದ್ದರು ಮಾವ.

ಕಟ್ಟಿದವರನ್ನು ಹಳಿಯಲು ನಾನು ಸಿದ್ಧನಿಲ್ಲ. ಆ ವಿದ್ಯೆ ಬಹು ಹಳೆಯದು. ಸುಶ್ರುತ ಸಂಹಿತೆ ಮೂಳೆ ಮುರಿತದಲ್ಲಿ 12 ಬಗೆಗಳನ್ನು, ಕೀಲು ತಪ್ಪುವುದರಲ್ಲಿ 6 ಬಗೆಗಳನ್ನು ಎಣಿಸಿದೆ. ಕಟ್ಟನ್ನು ಚಳಿಗಾಲದಲ್ಲಿ 7 ದಿನಕ್ಕೊಮ್ಮೆ, ಬೇಸಗೆಯಲ್ಲಿ 3 ದಿನಕ್ಕೊಮ್ಮೆ ಬದಲಿಸಬೇಕೆಂದಿದೆ. ಸೊಟ್ಟಗೆ ಕೂಡಿದ್ದನ್ನು ಮತ್ತೆ ಮುರಿದು ನೇರ್ಪಡಿಸಲೂ ಹೇಳಿದೆ. ಮಾವನದು ಬೆರಳಿಗೆ ಸಿಕ್ಕುವ ಮುರಿತವಾಗಿರಲಿಲ್ಲ, ಅಷ್ಟೇ.

ಮಣಿಕಟ್ಟಿನ ಎಂಟು ಚಿಕ್ಕ ಎಲುಬುಗಳಲ್ಲಿ ಹೆಬ್ಬೆರಳಿನ ಬುಡದ ಕಡೆ ಇರುವುದು ಸ್ಕ್ಯಾಫಾಯ್ಡ್. ದೋಣಿ ಎಂಬರ್ಥದ ಗ್ರೀಕ್ ಶಬ್ದದಿಂದ ಬಂದ ಹೆಸರು. (ನಮ್ಮ ಕೃಷ್ಣೆಯ ದುಂಡು ಹರಿಗೋಲನ್ನು ಮಾತ್ರ ನೆನೆಯಬಾರದು.) ಇದಕ್ಕೆ ರಕ್ತದ ಬಹುಪಾಲು ಬೆರಳುಗಳ ಕಡೆಯಿಂದ ಹೊಕ್ಕು ಹಿಂದಕ್ಕೆ, ಮುಂಗೈಯತ್ತ ಹರಿಯುತ್ತದೆ. ನಡು ಮುರಿದರೆ ಹಿಂದಿನ ತುಂಡಿಗೆ ರಕ್ತ ತಲುಪುವುದು ಕಷ್ಟ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯಂಚಿನ ರೈತರಿಗೆ ಈ ಸಂಕಟವನ್ನು ವಿವರಿಸಬೇಕಾಗಿಲ್ಲ.

1895ರಲ್ಲಿ ರಾಂಟ್‌ಜನ್ ಕ್ಷ-ಕಿರಣವನ್ನು ಕಂಡುಹಿಡಿದ ಮೇಲೆಯೇ ಜೀವಂತ ಕೈಯೊಳಗಿನ ಈ ಮುರಿತ ಕಣ್ಣಿಗೆ ಬಿದ್ದದ್ದು. ಮೊದಲ ಚಿತ್ರದಲ್ಲಿ ಅದು ಕಾಣದೆಯೂ ಹೋಗಬಹುದು. ಎರಡು ವಾರದ ಮೇಲೆ ಇನ್ನೊಮ್ಮೆ ತೆಗೆಯುವುದು ಅದಕ್ಕಾಗಿಯೇ. ಕೂಡದ ತುಂಡನ್ನು ಕೆಲವರು ತೆಗೆದೇ ಹಾಕುತ್ತಿದ್ದರು. 1930ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಹರ್ಮನ್ ಮಟ್ಟಿ ಮುರಿದೆಡೆಯನ್ನು ಕೊರೆದು ಅದರಲ್ಲಿ ಬೇರೆಡೆಯ ಮೆದು ಎಲುಬನ್ನು ತುಂಬಿದರು. 1960ರಲ್ಲಿ ಆಸ್ಟ್ರಿಯದ ಒಟ್ಟೊ ರೂಸೆ ಅಂಗೈಯ ಕಡೆಯಿಂದ ತೆರೆದು ಸೊಂಟದ ಎಲುಬಿನ ತುಣುಕನ್ನು ಕೂರಿಸುವ ವಿಧಾನವನ್ನು ಪ್ರಕಟಿಸಿದರು. 1984ರಲ್ಲಿ ಬಂದದ್ದು ಆಸ್ಟ್ರೇಲಿಯದ ಟಿಮೊಥಿ ಹರ್ಬರ್ಟರ ತಲೆಯಿಲ್ಲದ ತಿರುಪುಮೊಳೆ. ಅದರ ಎರಡು ತುದಿಗಳ ಸುತ್ತುಗಳ ಅಂತರ ಬೇರೆ ಬೇರೆ. ತಿರುಗಿಸಿದಂತೆಲ್ಲ ಎರಡು ತುಂಡುಗಳೂ ಒಂದನ್ನೊಂದು ಒತ್ತಿಕೊಳ್ಳುತ್ತವೆ. 1991ರಲ್ಲಿ ಅರ್ಜೆಂಟೀನದ ಜೈಡೆಂಬರ್ಗ್ ಮುಂಗೈ ಎಲುಬಿನ ಚೂರನ್ನು ಅದರ ರಕ್ತನಾಳ ಸಮೇತ ತಿರುಗಿಸಿ ತಂದರು. ಕಾಲುವೆಯನ್ನೇ ಹೊಲಕ್ಕೆ ತಂದ ಹಾಗೆ.

1986ರಲ್ಲಿ ರಾಯಚೂರಿನ ವೈದ್ಯರೊಬ್ಬರು ಮಾವನ ಕೈಯ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ದೋಣಿ ಎರಡು ಹೋಳಾಗಿತ್ತು. ಸುತ್ತಲಿನ ಕೀಲು ಸವೆದು, ಎಲುಬು ಕೂಡಿಸುವ ಕಾಲ ಮೀರಿತ್ತು. ರೂಸೆಯವರ ವಿಧಾನ ಅಚ್ಚಾದದ್ದು ಮಾವ ಬೀಳುವ ಎಂಟು ವರ್ಷ ಮೊದಲು. ಬಳ್ಳಾರಿಯಲ್ಲಿ 1961ರಲ್ಲಿ, ಕಲಬುರಗಿಯಲ್ಲಿ 1963ರಲ್ಲಿ ವೈದ್ಯಕೀಯ ಕಾಲೇಜುಗಳು ತೆರೆದಿದ್ದವು. ಮಟಮಾರಿಗೆ ರೈಲು ನಿಲ್ದಾಣವೂ ಇತ್ತು. ಆದರೆ ಉಳುಕಿಗೆಂದು ಯಾರು ರೈಲು ಹತ್ತುತ್ತಾರೆ?

ಮಾವ ಚಿತ್ರವನ್ನು ಬಹಳ ಹೊತ್ತು ನೋಡಿ ಕೇಳಿದ್ದು ಇಷ್ಟೇ: "ಹದಿನೆಂಟು ವರ್ಷ ಈ ಎರಡು ತುಂಡು ಇಟ್ಕೊಂಡೇ ಬಂಡಿ ಹೊಡದೆನೇನು?"